ಕಬಿನಿಯ ಎರಡು ದಡ: ಕೋವಿಡ್ ಕಾಲದ ಗಡಿನಿರ್ಬಂಧಕ್ಕೊಂದು ಮರು ಓದು

2020ರ ಮಾರ್ಚ್‌ನಲ್ಲಿ ಕರ್ನಾಟಕವು ಕೇರಳದ ಗಡಿರಸ್ತೆಗಳನ್ನು ಮಣ್ಣು ಸುರಿದು ಮುಚ್ಚಿದ ಪ್ರಕರಣದ ಚರ್ಚೆ ಬಹುಮಟ್ಟಿಗೆ ಮಂಗಳೂರು-ಕಾಸರಗೋಡು ಗಡಿಯ ತಲಪಾಡಿಯ ಸುತ್ತಲೇ ನಡೆದಿದೆ. ಈ ತಡೆ ಸಂವಿಧಾನದ 19(1)(ಡಿ) ಮತ್ತು 21ನೇ ವಿಧಿಗಳ ಉಲ್ಲಂಘನೆಯೆಂದು ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಹೇಳಿತು. ರೋಗಿಗಳ ಸಂಚಾರಕ್ಕೆ ಒಪ್ಪಂದವಾಗಿದೆಯೆಂದು ಏಪ್ರಿಲ್ 7ರಂದು ಸುಪ್ರೀಂ ಕೋರ್ಟ್‌ಗೆ ತಿಳಿಸಲಾಯಿತು. ಇಷ್ಟರಲ್ಲಿ ತಕರಾರಿಲ್ಲ.

ತಕರಾರಿರುವುದು ಆ ಚರ್ಚೆಯ ಅಡಿಪಾಯದಲ್ಲಿ. ಗಡಿ ಮುಚ್ಚಿದರೆ ಸಂಕಟ ಆಚೆಯವರಿಗೆ, ರಕ್ಷಣೆ ಈಚೆಯವರಿಗೆ ಎಂದು ತಡೆಯ ಪರ ವಾದಿಸಿದವರೂ ವಿರೋಧಿಸಿದವರೂ ನಂಬಿದ್ದರು. ಮಂಗಳೂರಿನ ಆಸ್ಪತ್ರೆಗಳನ್ನು ನೆಚ್ಚಿದ ಕಾಸರಗೋಡಿನ ಮಟ್ಟಿಗೆ ಅದು ಸರಿ. ವಯನಾಡಿನ ಅಂಚಿನಲ್ಲಿ ಅದು ತಲೆಕೆಳಗಾಗುತ್ತದೆ.

ಎಚ್.ಡಿ. ಕೋಟೆ ತಾಲ್ಲೂಕಿನ ಬೈರಕುಪ್ಪೆಯನ್ನೇ ನೋಡಿ. ಬೆನ್ನಿಗೆ ಕಾಡು, ಎದುರಿಗೆ ಕಬಿನಿ ಹೊಳೆ. ದೋಣಿಯಲ್ಲಿ ಅದನ್ನು ದಾಟಿದರೆ ವಯನಾಡಿನ ಪೆರಿಕ್ಕಲ್ಲೂರು, ಅಲ್ಲಿಂದ ಪುಲ್ಪಳ್ಳಿ. ತಾಲ್ಲೂಕು ಕೇಂದ್ರ ಸೇರಲು ಕಾಡು ಹಾಯಬೇಕು. ಸಂತೆಗೂ ವೈದ್ಯರಿಗೂ ಆಚೆ ದಡವೇ ಹತ್ತಿರ. ಬೈರಕುಪ್ಪೆಯ ರೋಗಿಗಳಿಗೆ ವಯನಾಡಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಸಿಗುತ್ತಿದೆಯೆಂದು ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ 2020ರ ಏಪ್ರಿಲ್‌ನಲ್ಲೇ ಹೇಳಿದ್ದರು. ಕರ್ನಾಟಕ ತಡೆಯಲು ಹೊರಟ ಗಡಿಯನ್ನು ದಾಟಿಯೇ ಕರ್ನಾಟಕದವರು ಗುಣವಾಗಬೇಕಿತ್ತು.

ಒಂದು ಹಳ್ಳಿಯಿಂದ ಇಡೀ ನೀತಿಯನ್ನು ಅಳೆಯಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಸೋಂಕು ಹರಡುವ ವೇಗಕ್ಕೆ ಅಂಜಿದ ಆಡಳಿತದ ಆತಂಕವನ್ನೂ ನಾನು ಹಗುರಾಗಿ ಕಾಣುವುದಿಲ್ಲ. ಆದರೂ, ಕನಿಷ್ಠ ಇಂಥ ಅಂಚಿನ ಊರುಗಳ ಮಟ್ಟಿಗೆ, ಸಾಂಕ್ರಾಮಿಕ ಕಾಲದ ನಿರ್ಬಂಧಕ್ಕೆ ರಾಜ್ಯದ ಗೆರೆಗಿಂತ ಜನ ಹೋಗುವ ಆಸ್ಪತ್ರೆಯ ವ್ಯಾಪ್ತಿಯೇ ಸರಿಯಾದ ಅಳತೆಯಾಗಿರಬಹುದು ಎಂಬುದು ನನ್ನ ವಾದ. ಅಂತರರಾಜ್ಯ ವಲಸೆಯನ್ನೂ ಕ್ವಾರಂಟೈನನ್ನೂ ಸಂವಿಧಾನವು ಕೇಂದ್ರ ಪಟ್ಟಿಯ 81ನೇ ನಮೂದಿನಲ್ಲಿ ಒಟ್ಟಿಗೇ ಇಟ್ಟಿದೆ. ಎರಡು ರಾಜ್ಯಗಳಿಗೆ ಸೇರಿದ ಈ ವಿಷಯವನ್ನು ಒಂದೇ ರಾಜ್ಯ ತೀರ್ಮಾನಿಸುವುದು ತರವಲ್ಲ ಎಂಬ ವಾದಕ್ಕೆ ಇದು ಬಲ ಕೊಡುತ್ತದೆ, ಪೂರ್ತಿ ಸಾಬೀತುಪಡಿಸುವುದಿಲ್ಲ.

ಚಿಕಿತ್ಸೆಗಷ್ಟೇ ಅಲ್ಲ, ಕೂಲಿಗೂ ಜನ ಈ ಗಡಿ ದಾಟುತ್ತಾರೆ. ಕೊಡಗಿನ ಕಾಫಿ ತೋಟಗಳಿಗೂ ಶುಂಠಿ ಹೊಲಗಳಿಗೂ ಕೂಲಿಗೆ ಬರುವ ವಯನಾಡಿನ ಪಣಿಯ ಬುಡಕಟ್ಟಿನವರ ಪ್ರಶ್ನೆ ಇನ್ನೂ ತೆರೆದೇ ಇದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯು ಐವರು ಅಥವಾ ಹೆಚ್ಚು ವಲಸೆ ಕಾರ್ಮಿಕರಿದ್ದ ಕಡೆಗೆ ಅನ್ವಯಿಸಿ, ಗುತ್ತಿಗೆದಾರ ಕರೆತಂದವರನ್ನಷ್ಟೇ ವಲಸೆ ಕಾರ್ಮಿಕರೆಂದು ಎಣಿಸಿತ್ತು. ತಾವಾಗಿ ಗಡಿ ದಾಟಿ ಬಂದವರು ಆ ಲೆಕ್ಕದ ಹೊರಗೇ ಉಳಿದರು. 2021ರ ಫೆಬ್ರುವರಿಯಲ್ಲಿ ಕೇರಳದಿಂದ ಬರುವವರಿಗೆ ಕರ್ನಾಟಕ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ಕೇಳಿದಾಗ ಅವರ ಕೂಲಿಯ ದಿನಗಳಿಗೆ ಏನಾಯಿತು ಎಂಬುದನ್ನು ಹಾಡಿಗಳಿಗೇ ಹೋಗಿ ಕೇಳಿ ದಾಖಲಿಸಬೇಕಾಗಿದೆ.