ಎರವಲು ಬಂದ ಕಲಾಕೃತಿಗಳು

ಗ್ರೀಸ್‌ನ ರಾಷ್ಟ್ರೀಯ ಸಮಕಾಲೀನ ಕಲಾ ಸಂಗ್ರಹಾಲಯ ಅಥೆನ್ಸ್‌ನಲ್ಲಿ ಕೆಲಸ ಆರಂಭಿಸಿದ್ದು 2000ದಲ್ಲಿ. ಅದಕ್ಕೂ ಹಿಂದಿನ ದಶಕಗಳ ಎಷ್ಟೋ ಕೃತಿಗಳು ಖಾಸಗಿ ಸಂಗ್ರಾಹಕರ ಬಳಿ, ಆಲ್ಫಾ ಬ್ಯಾಂಕ್‌ನಂಥ ಸಂಸ್ಥೆಗಳ ಸಂಗ್ರಹದಲ್ಲಿ ಉಳಿದುಕೊಂಡವು. ಯುದ್ಧೋತ್ತರ ಗ್ರೀಕ್ ಕಲೆಯನ್ನು ತೋರಿಸಹೊರಟವರು ಅವರ ಬಾಗಿಲನ್ನೂ ತಟ್ಟಬೇಕು.

ಕಲಾವಿದ ವ್ಲಾಸಿಸ್ ಕನಿಯಾರಿಸ್ (1928–2011) ಅವರನ್ನೇ ನೋಡಿ. 1967ರಲ್ಲಿ ಅಧಿಕಾರ ಕಸಿದುಕೊಂಡ ಸೇನಾಡಳಿತದ ನಾಯಕ ಪಾಪಡೋಪೌಲೋಸ್, ದೇಶವನ್ನು ಪ್ಲಾಸ್ಟರ್ ಕಟ್ಟಿದ ರೋಗಿಗೆ ಹೋಲಿಸುತ್ತಿದ್ದ. 1969ರಲ್ಲಿ ಕನಿಯಾರಿಸ್ ಅದೇ ಪ್ಲಾಸ್ಟರ್‌ನಲ್ಲಿ ಕೆಂಪು ಕಾರ್ನೇಷನ್ ಹೂಗಳನ್ನೂ ಮುಳ್ಳುತಂತಿಯನ್ನೂ ಹೂತು, ಅಥೆನ್ಸ್‌ನಲ್ಲೇ ಪ್ರದರ್ಶನಕ್ಕಿಟ್ಟರು. ಅಪಾರ ಧೈರ್ಯದ ಕೆಲಸವದು. ಅದೇ ವರ್ಷ ಅವರು ಪ್ಯಾರಿಸ್‌ಗೆ ಹೊರಟುಹೋದರು.

ಪ್ಲಾಸ್ಟರ್ ಸಣ್ಣ ಪೆಟ್ಟಿಗೂ ಉದುರುತ್ತದೆ, ತಂತಿ ತೇವಕ್ಕೆ ತುಕ್ಕು ಹಿಡಿಯುತ್ತದೆ. ಹಾಗಾಗಿ ಇಂಥ ಕೃತಿ ಎರವಲು ಹೊರಡುವ ಮುನ್ನ ಅದರ ಒಂದೊಂದು ಬಿರುಕನ್ನೂ ಫೋಟೊ ಸಮೇತ ದಾಖಲಿಸುತ್ತಾರೆ. ತಲುಪಿದಾಗ, ಮರಳುವಾಗ ಮತ್ತೆ ಅದೇ ತಪಾಸಣೆ. ಅಳತೆಗೆ ತಕ್ಕ ಮರದ ಪೆಟ್ಟಿಗೆ, ವಿಮೆ, ಸ್ಥಿರವಾದ ತೇವಾಂಶ, ಹದವಾದ ಬೆಳಕು ಎಲ್ಲವೂ ಕರಾರಿನಲ್ಲೇ ಇರುತ್ತವೆ.

ಎರವಲು ಕೊಟ್ಟವರ ಹೆಸರು ಕೃತಿಯ ಪಕ್ಕದ ಚೀಟಿಯ ಕೊನೆಯ ಸಾಲಿನಲ್ಲಿದೆ. ದಯವಿಟ್ಟು ಅದನ್ನೂ ಓದಿ.