ಗುಳಿಗೆಗಿಂತ ಮೊದಲು ಕಾರಣ: ಹಂದಿಗೋಡು ಕಲಿಸಿದ ಪಾಠ

ಸೊಂಟದ ಕೀಲು ಸವೆದಿದೆ ಅಂತ ಡಾಕ್ಟರು ಹೇಳಿದರೆ ಸಾಕು, ಆವರಗೆರೆ ಇರಲಿ, ಹರಿಹರ ಇರಲಿ, ಮೊದಲು ಬರುವ ಪ್ರಶ್ನೆ ಒಂದೇ: 'ಇದಕ್ಕೆ ಗುಳಿಗೆ ಇಲ್ವಾ? ಶಕ್ತಿ ಮಾತ್ರೆ ತಗೊಂಡ್ರೆ ಸರಿ ಹೋಗಲ್ವಾ?' ಇದಕ್ಕೆ ಉತ್ತರ ಹುಡುಕಲು ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಊರಿನ ಚರಿತ್ರೆ ನೋಡಬೇಕು.

1974-75ರ ಸುಮಾರಿಗೆ ಅಲ್ಲಿನ ದಲಿತ ಕೂಲಿ ಕುಟುಂಬಗಳಲ್ಲಿ ಒಂದು ಕಾಯಿಲೆ ಹೊರಜಗತ್ತಿನ ಕಣ್ಣಿಗೆ ಬಿತ್ತು. ಸೊಂಟ, ಮಂಡಿ ನೋವು. ಕುಕ್ಕರಗಾಲಲ್ಲಿ ಕೂರಲಾಗದು. ಬರಬರುತ್ತ ನಡೆಯುವುದೇ ಕಷ್ಟ. ಕೆಲವರ ಎತ್ತರವೇ ಕುಗ್ಗಿತ್ತು. ಕೂಲಿಯನ್ನೇ ನಂಬಿದ ಮನೆಗೆ ಕಾಲು ಹೋದರೆ ಅನ್ನವೂ ಹೋದಂತೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ಪರೀಕ್ಷಿಸಿದರು. ಮೊದಲ ಅನುಮಾನ ಊಟದ ಮೇಲೆ. ಬಡವರು ಗದ್ದೆ ಏಡಿ ತಿನ್ನುತ್ತಿದ್ದರು, ಗದ್ದೆಗೆ ಕೀಟನಾಶಕ ಬಂದಿತ್ತು. ವಿಷ ಏಡಿಯಿಂದ ಮೈಗೆ ಸೇರಿತೇ ಎಂದು ಯೋಚಿಸಿದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ವಂಶಾವಳಿ, ಎಕ್ಸ್‌ರೇ ಎರಡನ್ನೂ ಜೋಡಿಸಿ ನೋಡಿತು. ಇದು ವಂಶವಾಹಿಯ ದೋಷ ಎಂದು 1990ರ ದಶಕದಲ್ಲಿ ವರದಿಯಾಯಿತು. ತಂದೆ ಅಥವಾ ತಾಯಿ, ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಬೆಳೆಯುವ ವಯಸ್ಸಲ್ಲೇ ಮೂಳೆಯ ತುದಿ ಸರಿಯಾಗಿ ರೂಪುಗೊಳ್ಳದಿದ್ದರೆ ಯಾವ ವಿಟಮಿನ್ನೂ ಅದನ್ನು ತಿದ್ದದು. ಗುಳಿಗೆ ನೋವು ತಗ್ಗಿಸುತ್ತದೆ, ಅಷ್ಟೇ.

ನಮ್ಮ ಕಡೆ ಈಗ ಹೆಚ್ಚು ಕೇಳಿಬರುವುದು ಬೇರೆ ಕಾಯಿಲೆ: ಎವಿಎನ್. ಇದರಲ್ಲಿ ತೊಡೆ ಮೂಳೆಯ ಮೇಲ್ತುದಿಯ ಗುಂಡಿಗೆ ರಕ್ತ ನಿಂತು ಆ ಭಾಗ ಸಾಯುತ್ತದೆ. ಮೂಳೆ ಮುರಿತ, ಅತಿಯಾದ ಕುಡಿತ, ಕುಡಗೋಲು ಕಣ ರಕ್ತಹೀನತೆ ಇದಕ್ಕೆ ಕಾರಣಗಳು. ಸ್ಟಿರಾಯ್ಡ್ ಔಷಧವೂ ಒಂದು ಕಾರಣ. 1948ರಲ್ಲಿ ಅಮೆರಿಕದಲ್ಲಿ ಕೀಲುವಾತದ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟರು. 1950ರಲ್ಲಿ ಆ ಸಂಶೋಧನೆಗೆ ನೊಬೆಲ್ ಬಂತು. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟ ಅದೇ ಬಗೆಯ ಔಷಧ ಸೊಂಟದ ಮೂಳೆಯನ್ನೇ ಕೊಲ್ಲಬಹುದು ಎಂಬುದು ಆಮೇಲೆ ತಿಳಿಯಿತು. ಕೋವಿಡ್ ನಂತರ ಆ ಮಾತು ಮತ್ತೆ ಎದ್ದಿತು.

ಸತ್ತ ಮೂಳೆಗೆ ಔಷಧವಿಲ್ಲವೇ? ಮೂಳೆ ಕರಗುವುದನ್ನು ನಿಧಾನಿಸುವ ಅಲೆಂಡ್ರೋನೇಟ್ ಗುಳಿಗೆಯನ್ನು ಮುಂಬಯಿಯ ಹಿಂದೂಜಾ ಆಸ್ಪತ್ರೆಯ ವೈದ್ಯರು ಪ್ರಯೋಗಿಸಿ, ಒಳ್ಳೆಯ ಫಲ ಕಂಡಿದ್ದಾಗಿ ಬರೆದರು. ಗುಂಡು ಕುಸಿಯುವುದು ತಡವಾಗಲಿ ಎಂಬುದು ಅವರ ಲೆಕ್ಕ. ಆದರೆ 2012ರಲ್ಲಿ ಪ್ರಕಟವಾದ ತೈವಾನಿನ ಅಧ್ಯಯನ ಅದನ್ನು ಔಷಧವಿಲ್ಲದ ಹುಸಿ ಮಾತ್ರೆಯ ಜೊತೆ ಹೋಲಿಸಿದಾಗ ಹೆಚ್ಚಿನ ಲಾಭ ಕಾಣಲಿಲ್ಲ. ವಿಟಮಿನ್ ಡಿ, ಕ್ಯಾಲ್ಸಿಯಂ ಮೈಯಲ್ಲಿನ ಕೊರತೆ ತುಂಬುತ್ತವೆ. ನಿಂತ ರಕ್ತವನ್ನು ಮತ್ತೆ ಹರಿಸುವುದಿಲ್ಲ.

ಹಾಗಾಗಿ ಗುಳಿಗೆ ಯಾವುದು ಅಂತ ಕೇಳುವ ಮೊದಲು ಕಾರಣ ಯಾವುದು ಅಂತ ಕೇಳೋಣ. ತೊಡೆಸಂದಿನ ನೋವು ವಾರಗಟ್ಟಲೆ ನಿಂತರೆ ಮೂಳೆ ವೈದ್ಯರ ಬಳಿ ಹೋಗಿ. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಎಂಆರ್‌ಐಯಲ್ಲಿ ಕಾಣುತ್ತದೆ. ಗುಂಡು ಕುಸಿಯುವ ಮುಂಚೆ ಗೊತ್ತಾದರೆ ಸಣ್ಣ ಆಪರೇಷನ್ನಿಗೆ ಅವಕಾಶ ಇರುತ್ತದೆ, ಕುಸಿದ ಮೇಲೆ ಕೀಲು ಬದಲಿಸುವುದೇ ಮುಖ್ಯ ದಾರಿ. ಹೆಸರಿಲ್ಲದ ನೋವಿನ ಪುಡಿ ನುಂಗಬೇಡಿ, ಅದರಲ್ಲಿ ಸ್ಟಿರಾಯ್ಡ್ ಇರಬಹುದು. ಡಾಕ್ಟರು ಬರೆದುಕೊಟ್ಟ ಸ್ಟಿರಾಯ್ಡನ್ನು ಮಾತ್ರ ಅವರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ, ಅದೂ ಅಪಾಯ.