ನೆಲವಿಲ್ಲದವರ ಮನೆ: ಝೀಲಂ ನದಿಯ ಹೌಸ್‌ಬೋಟುಗಳು

ಕಾಶ್ಮೀರವೆಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ದಲ್ ಸರೋವರದಲ್ಲಿ ಸಾಲಾಗಿ ನಿಂತ ಹೌಸ್‌ಬೋಟುಗಳು. ಶಶಿ ಕಪೂರ್ ನಟಿಸಿದ ‘ಜಬ್ ಜಬ್ ಫೂಲ್ ಖಿಲೇ’ (1965) ಚಿತ್ರದ ನಾಯಕನೂ ಇಂಥದೊಂದು ದೋಣಿಯ ಒಡೆಯನೇ. ಆದರೆ ಈಗ ನಿಂತಲ್ಲೇ ನಿಂತಿರುವ ಈ ದೋಣಿಮನೆಗಳು ಒಂದು ಕಾಲಕ್ಕೆ ಊರಿಂದೂರಿಗೆ ಚಲಿಸುತ್ತಿದ್ದವು. ಅವುಗಳ ಹಾದಿ ಝೀಲಂ ನದಿಯಾಗಿತ್ತು. ಇದನ್ನು ನಾವು ಮರೆತಿದ್ದೇವೆ.

ಕಾಶ್ಮೀರ ಕಣಿವೆಗೆ ಶತಮಾನಗಳ ಕಾಲ ನದಿಯೇ ರಾಜಮಾರ್ಗ. ಅನಂತನಾಗ್ ಬಳಿಯ ಖನಬಲ್‌ನಿಂದ ಬಾರಾಮುಲ್ಲಾದವರೆಗೆ ಸುಮಾರು 100 ಮೈಲಿ ದೋಣಿ ಸಾಗುತ್ತಿತ್ತು. ಅಕ್ಕಿ, ಸೌದೆ, ಕಲ್ಲು, ಮದುವೆ ದಿಬ್ಬಣ ಎಲ್ಲವೂ ನೀರಿನ ಮೇಲೆಯೇ. ಈ ನಾಡಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ದೋಣಿಗಳಿದ್ದರೂ ಬಾದಶಾಹನಿಗೆ ತಕ್ಕದ್ದೊಂದೂ ಇರಲಿಲ್ಲವೆಂದೂ, ಆಗ ಕುಶಲಕರ್ಮಿಗಳು ನದಿಯ ಮೇಲೆ ತೇಲುವ ಅರಮನೆಗಳನ್ನೇ ಕಟ್ಟಿದರೆಂದೂ ಅಬುಲ್ ಫಝಲ್ ‘ಅಕ್ಬರ್‌ನಾಮಾ’ದಲ್ಲಿ ದಾಖಲಿಸಿದ್ದಾನೆ.

ಈ ದೋಣಿಗಳನ್ನು ನಡೆಸುತ್ತಿದ್ದವರು ಹಾಂಜಿಗಳು. ಇವರು ಮುಸ್ಲಿಮರು. ತಾವು ಪ್ರವಾದಿ ನೂಹ್ ಅಲೈಹಿಸ್ಸಲಾಮರ ಸಂತತಿ ಎಂದು ಅವರು ಹೇಳಿಕೊಳ್ಳುತ್ತಿದ್ದುದನ್ನು ಬಂದೋಬಸ್ತ್ ಅಧಿಕಾರಿಯಾಗಿದ್ದ ವಾಲ್ಟರ್ ಲಾರೆನ್ಸ್ 1895ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಹಾಂಜಿಗಳಲ್ಲಿಯೂ ಪಂಗಡಗಳಿದ್ದವು: ಮೀನು ಹಿಡಿಯುವವರು, ವುಲರ್ ಸರೋವರದಲ್ಲಿ ಸಿಂಘಾಡಾ ಕೀಳುವವರು, ತೇಲುವ ತೋಟಗಳಲ್ಲಿ ತರಕಾರಿ ಬೆಳೆಯುವವರು, ಸರಕು ಸಾಗಿಸುವವರು, ‘ಡೂಂಗಾ’ ಎಂಬ ಚಾಪೆಮರೆಯ ದೋಣಿಯಲ್ಲಿ ಪ್ರಯಾಣಿಕರನ್ನು ಒಯ್ಯುವವರು. ಡೂಂಗಾದ ಹಿಂಭಾಗದಲ್ಲಿ ಹಾಂಜಿಯ ಸಂಸಾರ, ಮುಂಭಾಗದಲ್ಲಿ ಪ್ರಯಾಣಿಕ. ಹುಟ್ಟು, ಸಾವು, ಅಡುಗೆ, ಬಾಣಂತನ ಎಲ್ಲವೂ ಆ ಹಲಗೆಗಳ ಮೇಲೆಯೇ.

1846ರ ಅಮೃತಸರ ಒಪ್ಪಂದದಲ್ಲಿ ಬ್ರಿಟಿಷರು ಕಾಶ್ಮೀರವನ್ನು 75 ಲಕ್ಷ ರೂಪಾಯಿಗೆ ಗುಲಾಬ್ ಸಿಂಗನಿಗೆ ಒಪ್ಪಿಸಿದರು. ಮುಂದೆ ಪಂಜಾಬಿನ ಸುಡುಬಿಸಿಲಿನಿಂದ ಪಾರಾಗಲು ಅದೇ ಕಣಿವೆಗೆ ಅತಿಥಿಗಳಾಗಿ ಬರತೊಡಗಿದರು. ಆದರೆ ಮಹಾರಾಜರ ಆಡಳಿತ ಪರದೇಶಿಗಳಿಗೆ ಅಲ್ಲಿ ಜಮೀನು ಕೊಳ್ಳಲು ಬಿಡಲಿಲ್ಲ. ನೆಲ ಸಿಗದಿದ್ದರೇನು, ನೀರಿತ್ತಲ್ಲ! 1880ರ ದಶಕದ ಕೊನೆಯ ಹೊತ್ತಿಗೆ ಡೂಂಗಾದ ಚಾಪೆಗಳ ಜಾಗಕ್ಕೆ ಮರದ ಗೋಡೆ, ಕಿಟಕಿ, ಅಗ್ಗಿಷ್ಟಿಕೆ, ಮಂಚಗಳು ಬಂದವು. ಇದರ ಹಿರಿಮೆಯನ್ನು ಇಂಗ್ಲಿಷರು ಎಂ.ಟಿ. ಕೆನ್ನಾರ್ಡ್ ಎಂಬಾತನಿಗೆ ಕೊಟ್ಟರೆ, ಕಾಶ್ಮೀರಿಗಳು ದೋಣಿಯಲ್ಲಿ ಅಂಗಡಿ ಇಟ್ಟಿದ್ದ ಪಂಡಿತ ನಾರಾಯಣದಾಸರಿಗೆ ಕೊಡುತ್ತಾರೆ. ಯಾರೇ ಮೊದಲಿಗರಾಗಿರಲಿ, ತಳಹದಿಯಲ್ಲಿದ್ದುದು ಹಾಂಜಿಯ ಮನೆಯೇ.

ಸಾಹೇಬರ ವಿಹಾರಕ್ಕೆ ಒಂದು ಕ್ರಮವಿತ್ತು. ಶ್ರೀನಗರದಲ್ಲಿ ಒಂಟಿಗರು ಚಿನಾರ್ ಬಾಗ್‌ನಲ್ಲಿ, ಸಂಸಾರವಂದಿಗರು ಮುನ್ಷಿ ಬಾಗ್‌ನಲ್ಲಿ ದೋಣಿ ಕಟ್ಟುತ್ತಿದ್ದರು. ಬೇಸಿಗೆ ಏರಿದಂತೆ ದಲ್ ಗೇಟಿನ ಮೂಲಕ ಸರೋವರಕ್ಕೆ ಹೋಗಿ ನಸೀಮ್ ಬಾಗ್‌ನ ಚಿನಾರ್ ನೆರಳಿಗೆ ಸೇರುವುದು. ಇನ್ನು ಕೆಲವರು ನದಿಯ ಜಾಡು ಹಿಡಿದು ಸಿಂಧ್ ಹೊಳೆ ಕೂಡುವ ಶಾದಿಪುರ, ಸುಂಬಲ್, ಮಾನಸಬಲ್ ದಾಟಿ ವುಲರ್‌ವರೆಗೆ ಹೋಗುತ್ತಿದ್ದರು. ವುಲರ್‌ನಲ್ಲಿ ಮಧ್ಯಾಹ್ನದ ಗಾಳಿ ಅಪಾಯಕಾರಿಯಾದ್ದರಿಂದ ಹಾಂಜಿಗಳು ಬೆಳಗ್ಗೆಯೇ ಸರೋವರ ದಾಟುತ್ತಿದ್ದರು. ಸುಲ್ತಾನ ಝೈನುಲ್ ಆಬಿದೀನ್ ಹದಿನೈದನೆಯ ಶತಮಾನದಲ್ಲಿ ಅಲ್ಲೊಂದು ದ್ವೀಪವನ್ನು ಕಟ್ಟಿಸಿದ್ದನು. ಹಿಂದೆ ಬರುವ ಅಡುಗೆದೋಣಿಯಲ್ಲಿ ಹೊಗೆ, ಮುಂದಿನ ದೋಣಿಯಲ್ಲಿ ಚಹಾ. ಪ್ರವಾಹಕ್ಕೆ ಎದುರಾಗಿ ಹೋಗುವಾಗ ಹಾಂಜಿಯ ಹೆಂಡತಿ ಮಕ್ಕಳೂ ದಡಕ್ಕಿಳಿದು ಹೆಗಲಿಗೆ ಹಗ್ಗ ಹಾಕಿ ಎಳೆಯುತ್ತಿದ್ದರು.

ಈ ವಿಹಾರದ ಕಥೆ ನಮಗೆ ತಿಳಿದಿರುವುದು ಅತಿಥಿಗಳ ಡೈರಿ, ಪತ್ರ, ಪ್ರವಾಸ ಕೈಪಿಡಿಗಳಿಂದ. ಅವುಗಳಲ್ಲಿ ಹಾಂಜಿ ಹೆಚ್ಚಾಗಿ ಸುಳ್ಳುಗಾರ, ಜಗಳಗಂಟ, ದುರಾಸೆಯವ. ಹಗ್ಗ ಎಳೆದವರ ಡೈರಿ ಎಲ್ಲಿಯೂ ಇಲ್ಲ. ಕನ್ನಡಿಗರಾದ ನಮಗೆ ಹನ್ನೆರಡನೆಯ ಶತಮಾನದಲ್ಲೇ ಅಂಬಿಗರ ಚೌಡಯ್ಯನಂಥ ದೋಣಿಗಾರನ ನಿಷ್ಠುರ ದನಿ ಕೇಳಿಸುತ್ತದೆ. ಝೀಲಂನ ದೋಣಿಗಾರನ ಮಾತನ್ನು ಮಾತ್ರ ನಾವು ದೊಡ್ಡವರು ಬರೆದಿಟ್ಟ ಸಾಲುಗಳ ನಡುವೆಯೇ ಹುಡುಕಬೇಕು.

ರಾವಲ್ಪಿಂಡಿಯಿಂದ ಬಂದ ಗಾಡಿರಸ್ತೆ 1890ರಲ್ಲಿ ಬಾರಾಮುಲ್ಲಾ ಮುಟ್ಟಿತು, ಅದೇ ದಶಕದಲ್ಲಿ ಶ್ರೀನಗರವನ್ನೂ ತಲುಪಿತು. ಕ್ರಮೇಣ ನದಿ ತನ್ನ ಕೆಲಸ ಕಳೆದುಕೊಂಡಿತು. 1947ರಲ್ಲಿ ಸಾಹೇಬರು ಹೊರಟುಹೋದರು. ಹಾಂಜಿಗಳು ಆತಿಥ್ಯವನ್ನೇ ಕಸುಬಾಗಿಸಿಕೊಂಡರು. ದೇವದಾರು ಮರದ ದೋಣಿಗಳು ಉದ್ದವಾದವು, ಭಾರವಾದವು, ವಾಲ್‌ನಟ್ ಪೀಠೋಪಕರಣಗಳಿಂದ ತುಂಬಿದವು, ದಡಕ್ಕೆ ಕಟ್ಟಿಕೊಂಡವು. ವಿಹಾರದ ದೋಣಿ ತೇಲುವ ಹೋಟೆಲಾಯಿತು. 1990ರ ನಂತರ ಬಂದೂಕಿನ ಸದ್ದಿಗೆ ಆ ಹೋಟೆಲುಗಳೂ ವರ್ಷಗಟ್ಟಲೆ ಬರಿದಾದವು.

ಬಳಿಕ ಬಂದದ್ದು ಮಾಲಿನ್ಯದ ಪ್ರಶ್ನೆ. ಹೌಸ್‌ಬೋಟುಗಳ ಕೊಳಚೆ ಸರೋವರ ಸೇರುತ್ತಿದ್ದುದು ಸತ್ಯ. ಹೈಕೋರ್ಟು 2009ರಲ್ಲಿ ನಿರ್ಬಂಧಗಳನ್ನು ಹೇರಿತು. ಹಳೆಯ ದೋಣಿಗಳ ದುರಸ್ತಿಯೇ ಕಷ್ಟವಾಯಿತು. ಆದರೆ ನಗರದ ಚರಂಡಿಗಳೂ ಅದೇ ದಲ್‌ಗೆ ಹರಿದವು. ನೆಲದ ಮೇಲಿನ ಮನೆಯ ಕೊಳಚೆ ಕಾಣುವುದಿಲ್ಲ, ನೀರಿನ ಮೇಲಿನ ಮನೆಯದು ಮಾತ್ರ ಎದ್ದು ಕಾಣುತ್ತದೆ. ಬಡವನ ತಪ್ಪು ಯಾವಾಗಲೂ ಬಯಲಲ್ಲಿರುತ್ತದೆ. 2014ರ ಸೆಪ್ಟೆಂಬರ್ ಪ್ರವಾಹ, 2023ರ ನವೆಂಬರಿನಲ್ಲಿ ಐದು ಹೌಸ್‌ಬೋಟುಗಳನ್ನು ಸುಟ್ಟು ಮೂವರು ಬಾಂಗ್ಲಾದೇಶೀ ಪ್ರವಾಸಿಗರನ್ನು ಬಲಿ ಪಡೆದ ಬೆಂಕಿ, ಕೈಗೆಟುಕದ ದೇವದಾರಿನ ಬೆಲೆ, ಇವೆಲ್ಲ ಸೇರಿ ದೋಣಿಗಳ ಸಂಖ್ಯೆ ಇಳಿಯುತ್ತಲೇ ಇದೆ.

ನೆಲ ಸಿಗದ ಸಾಹೇಬನಿಗೆ ನೀರಿನ ಮೇಲಿನ ಬದುಕು ಒಂದು ಬೇಸಿಗೆಯ ಮೋಜು. ನೆಲವೇ ಇಲ್ಲದ ಹಾಂಜಿಗೆ ಅದು ತಲೆಮಾರುಗಳ ಬಾಳು. ಸಾಹೇಬನಿಗೆ ಮರಳಲು ಊರಿತ್ತು. ಸರೋವರವನ್ನು ಉಳಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೋಣಿಯನ್ನು ತೆರವು ಮಾಡಿಸುವ ಮೊದಲು ಅದರೊಳಗೆ ಹುಟ್ಟಿದವರು ಎಲ್ಲಿಗೆ ಹೋಗಬೇಕೆಂದು ನಾವು ಕೇಳಬೇಡವೇ?